ಮಾರ್ಚಿನಲ್ಲಿ ಹೌದು, ಜುಲೈನಲ್ಲಿ ಇಲ್ಲ

ಈ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ರಿಲೀಸ್ ಇತ್ತು. ಅದಾದ ಮೇಲೆ ಆ ರಿಲೀಸಿನ ತಪ್ಪುಗಳನ್ನು ಸರಿಮಾಡುವ ಇನ್ನೊಂದು ರಿಲೀಸ್ ಇತ್ತು :-) ಈ ಸಲ ಸಿನಿಮಾ, ಟ್ರೆಕ್ಕಿಂಗ್ ಎರಡನ್ನೂ ಬಿಟ್ಟು ಒಂದು ಆಟದ ಚರಿತ್ರೆ ಬರೆಯೋಣ ಅಂತ ಕೂತಿದ್ದೇನೆ. ಅದೂ ನಮ್ಮಲ್ಲಿ ಹೆಚ್ಚಿನವರು ಚಾನೆಲ್ ಬದಲಿಸಿಬಿಡುವ ಆಟ, ಅಮೆರಿಕನ್ ಫುಟ್‌ಬಾಲ್. ದಯವಿಟ್ಟು ಓಡಿಹೋಗಬೇಡಿ, ನಿಯಮಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ.

ಈ ಕಥೆ ನನಗೆ ಸಿಕ್ಕಿದ್ದು 2023ರ ಸೆಪ್ಟೆಂಬರಿನ ಒಂದು ಮಂಗಳವಾರ ಸಂಜೆ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ನಮಗೆ ಸಂಜೆ ಆರೂವರೆ, ಅವರಿಗೆ ಬೆಳಗ್ಗೆ ಎಂಟು. ಅವತ್ತು ಕಾಲ್‌ನಲ್ಲಿ ಯಾರೂ ಬಗ್ ಬಗ್ಗೆ ಕೇಳಲೇ ಇಲ್ಲ. ಹಿಂದಿನ ರಾತ್ರಿ ಆರನ್ ರಾಜರ್ಸ್ ಅನ್ನುವ ಆಟಗಾರ, ಅವರ ರಾಜ್ಯದ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಹದಿನೆಂಟು ಸೀಸನ್ ಕಳೆದು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಹೋದವನು, ಅಲ್ಲಿನ ಮೊದಲ ಪಂದ್ಯದಲ್ಲೇ ಬಿದ್ದಿದ್ದ. ನಾಲ್ಕನೇ ಸಲ ಚೆಂಡು ಕೈಗೆ ಬರುವಷ್ಟರಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಹೋಗಿತ್ತು. ಇಡೀ ಸೀಸನ್ ಮುಗಿದಂತೆ. ಆ ಕಡೆ ಒಬ್ಬ ಹಿರಿಯರು, "ಇದೇ ತಂಡಕ್ಕೆ ಹಿಂದೆಯೂ ಒಬ್ಬನನ್ನು ಹೀಗೇ ಕಳಿಸಿದ್ದೆವು" ಅಂದರು. ಯಾರು ಅಂತ ಕೇಳಿದೆ. ಆ ಪ್ರಶ್ನೆಯ ಉತ್ತರ ಹುಡುಕುತ್ತಾ ಹೋದವನು ಮೂರು ವಾರ ಹಳೆಯ ವರದಿಗಳನ್ನೂ ವಿಡಿಯೋಗಳನ್ನೂ ತಡಕಾಡಿದೆ.

ಮೊದಲು ಆಟ. ಒಂದು ಕಡೆಗೆ ಹನ್ನೊಂದು ಜನ. ಪ್ರತಿ ಸಲ ಆಟ ಶುರುವಾಗುವಾಗ ಚೆಂಡು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಓಡುವವನ ಕೈಗೆ ಕೊಡಬೇಕೋ ಬೇಡವೋ ಎಲ್ಲ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನವಾಗಬೇಕು, ಅಷ್ಟರಲ್ಲಿ ನೂರಿಪ್ಪತ್ತು ಕಿಲೋದ ದೈತ್ಯರು ಮೈಮೇಲೆ ಬೀಳುತ್ತಿರುತ್ತಾರೆ. ಎದುರಾಳಿ ಚೆಂಡನ್ನು ನಡುವೆಯೇ ಹಿಡಿದರೆ ಅದು ಇಂಟರ್‌ಸೆಪ್ಷನ್. ಈ ಕಥೆಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಕ್ರಿಕೆಟ್ಟಿನಲ್ಲಿ ಇಬ್ಬರು ಒಳ್ಳೆಯ ಬ್ಯಾಟ್ಸ್‌ಮನ್ ಇದ್ದರೆ ಇಬ್ಬರನ್ನೂ ಆಡಿಸಬಹುದು. ಇಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಒಂದೇ. ಎರಡನೆಯವನು ಕ್ಲಿಪ್‌ಬೋರ್ಡ್ ಹಿಡಿದು ಗೆರೆಯ ಆಚೆ ನಿಂತಿರಬೇಕು. ಅಭ್ಯಾಸದಲ್ಲಿ ಕೂಡ ಮುಖ್ಯ ತಂಡದ ಜೊತೆ ಆಡುವ ಅವಕಾಶವೆಲ್ಲ ಬಹುತೇಕ ಮೊದಲನೆಯವನಿಗೇ.

ಇನ್ನು ಊರು. ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಊರು. ನ್ಯೂಯಾರ್ಕ್, ಷಿಕಾಗೋಗಳ ನಡುವೆ ಇಷ್ಟು ಚಿಕ್ಕ ಊರಿಗೆ ತಂಡ ಉಳಿದಿದ್ದೇ ಪವಾಡ. 1919ರಲ್ಲಿ ಕರ್ಲಿ ಲ್ಯಾಂಬೋ ಅನ್ನುವವನು ತಾನು ಕೆಲಸ ಮಾಡುತ್ತಿದ್ದ ಮಾಂಸ ಡಬ್ಬಿ ತುಂಬುವ ಕಂಪನಿಯಿಂದ ಅಂಗಿಗಳಿಗೆ ದುಡ್ಡು ಪಡೆದು ತಂಡ ಕಟ್ಟಿದ. ಆ ಕಂಪನಿಯ ಹೆಸರು ಇಂಡಿಯನ್ ಪ್ಯಾಕಿಂಗ್ ಕಂಪನಿ (ನಮ್ಮ ಇಂಡಿಯಾಕ್ಕೂ ಅದಕ್ಕೂ ಸಂಬಂಧ ಇಲ್ಲ, ಖುಷಿಪಡಬೇಡಿ), ಅದಕ್ಕೇ ಪ್ಯಾಕರ್ಸ್. 1923ರಿಂದ ಈ ತಂಡಕ್ಕೆ ಮಾಲೀಕ ಅಂತ ಒಬ್ಬ ಇಲ್ಲ. ಜನರೇ ಷೇರುದಾರರು. 2008ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದರು. ಡಿವಿಡೆಂಡ್ ಇಲ್ಲ, ಷೇರು ಮಾರುವ ಹಾಗೂ ಇಲ್ಲ, ಗೋಡೆಗೆ ತೂಗು ಹಾಕಲು ಒಂದು ಪ್ರಮಾಣಪತ್ರ ಅಷ್ಟೇ. ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇದ್ದ ಹಾಗೆ, ಹಾಲು ಒಂದು ಬಿಟ್ಟು.

ಇಂಥ ಊರಿಗೆ 1960ರ ದಶಕದಲ್ಲಿ ವಿನ್ಸ್ ಲೊಂಬಾರ್ಡಿ ಅನ್ನುವ ಕೋಚ್ ಐದು ಚಾಂಪಿಯನ್‌ಷಿಪ್ ತಂದುಕೊಟ್ಟ. ಆಮೇಲೆ ಬರಗಾಲ. 1968ರಿಂದ 1991ರ ತನಕ ಇಪ್ಪತ್ತನಾಲ್ಕು ಸೀಸನ್‌ಗಳಲ್ಲಿ ಪ್ಲೇಆಫ್ ಮುಟ್ಟಿದ್ದು ಎರಡೇ ಸಲ.

1992ರಲ್ಲಿ ಬಂದವನು ಬ್ರೆಟ್ ಫಾರ್ವ್. ಮಿಸಿಸಿಪಿ ರಾಜ್ಯದ ಕಿಲ್ನ್ ಅನ್ನುವ ಸಣ್ಣ ಊರಿನವನು, ಅಪ್ಪ ಹೈಸ್ಕೂಲ್ ಕೋಚ್. (ಅವನ ಹೆಸರಿನ ಸ್ಪೆಲ್ಲಿಂಗಿನಲ್ಲಿ 'ವಿ' ಮೊದಲು, 'ಆರ್' ಆಮೇಲೆ. ಆದರೂ ಎಲ್ಲರೂ ಫಾರ್ವ್ ಅಂತಲೇ ಅನ್ನುತ್ತಾರೆ. ಯಾಕೆ ಅಂತ ಕೇಳಬಾರದು.) ಅದಕ್ಕೆ ಮುಂಚೆ ಅಟ್ಲಾಂಟಾ ತಂಡದಲ್ಲಿ ಒಂದು ವರ್ಷ ಇದ್ದು ಅವನು ಎಸೆದಿದ್ದು ನಾಲ್ಕೇ ಎಸೆತ. ನಾಲ್ಕರಲ್ಲಿ ಒಂದೂ ತನ್ನವರ ಕೈಗೆ ಹೋಗಲಿಲ್ಲ, ಎರಡು ಎದುರಾಳಿಗಳ ಕೈಗೆ ಹೋದವು! ಅಂಥವನಿಗಾಗಿ ಗ್ರೀನ್ ಬೇ ಜನರಲ್ ಮ್ಯಾನೇಜರ್ ರಾನ್ ವುಲ್ಫ್ ಮೊದಲ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆಯನ್ನೇ ಬಿಟ್ಟುಕೊಟ್ಟ. ಡ್ರಾಫ್ಟ್ ಅಂದರೆ ವರ್ಷಕ್ಕೊಮ್ಮೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ, ಮೊದಲ ಸುತ್ತಿನ ಆಯ್ಕೆ ಚಿನ್ನಕ್ಕೆ ಸಮ.

1992ರ ಸೆಪ್ಟೆಂಬರಿನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡ, ಫಾರ್ವ್ ಒಳಗೆ ಹೋದ. ಮುಂದೆ ಹದಿನಾರು ಸೀಸನ್ ಅವನು ಹೊರಗೆ ಬರಲೇ ಇಲ್ಲ. ಲೀಗಿನಲ್ಲಿ 253 ಪಂದ್ಯ, ಪ್ಲೇಆಫ್ ಸೇರಿಸಿದರೆ 275, ಒಂದನ್ನೂ ತಪ್ಪಿಸದೆ ಶುರುಮಾಡಿದ. 1995, 96, 97ರಲ್ಲಿ ಸತತ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ (ಮೂರನೆಯದು ಬ್ಯಾರಿ ಸ್ಯಾಂಡರ್ಸ್ ಜೊತೆ ಹಂಚಿಕೊಂಡಿದ್ದು). 1997ರ ಜನವರಿಯಲ್ಲಿ ಸೂಪರ್ ಬೌಲ್. 2003ರ ಡಿಸೆಂಬರಿನಲ್ಲಿ ಅಪ್ಪ ತೀರಿಹೋದ ಮರುದಿನ ರಾತ್ರಿ ಆಡಲು ಬಂದು 399 ಗಜ, 4 ಟಚ್‌ಡೌನ್ ಎಸೆದ. ಆ ಪಂದ್ಯದ ವಿಡಿಯೋ ನೋಡಿ. ನಿಯಮ ಗೊತ್ತಿಲ್ಲದವರಿಗೂ ಏನೋ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಅವನ ದೋಷವೂ ಅಷ್ಟೇ ದೊಡ್ಡದು. ಮೂರು ಜನ ಸುತ್ತುವರಿದಿದ್ದರೂ ಅವರ ನಡುವೆಯೇ ಚೆಂಡು ತೂರಿಸುತ್ತೇನೆ ಅನ್ನುವ ಹುಂಬತನ. ಇಂಟರ್‌ಸೆಪ್ಷನ್ ದಾಖಲೆಯೂ ಅವನದೇ ಆಯಿತು.

2005ರಲ್ಲಿ ಟೆಡ್ ಥಾಂಪ್ಸನ್ ಜನರಲ್ ಮ್ಯಾನೇಜರ್ ಆಗಿ ಬಂದ. ಮಾತು ಕಡಿಮೆ, ಪ್ರೆಸ್ ಮೀಟ್ ಅಂದರೆ ಹಲ್ಲಿನ ಡಾಕ್ಟರ ಹತ್ತಿರ ಹೋದವರ ಮುಖ. ಆ ವರ್ಷದ ಡ್ರಾಫ್ಟಿನಲ್ಲಿ ಕ್ಯಾಲಿಫೋರ್ನಿಯಾದ ಇಪ್ಪತ್ತೊಂದರ ಹುಡುಗ ಆರನ್ ರಾಜರ್ಸ್ ಮೊದಲನೆಯವನಾಗಿ ಹೋಗಬಹುದು ಅಂತ ನಿರೀಕ್ಷೆ ಇತ್ತು. ಕೋಟು ಹಾಕಿಕೊಂಡು ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕೂತ, ಒಂದೊಂದೇ ತಂಡ ಅವನನ್ನು ಬಿಟ್ಟು ಮುಂದೆ ಹೋಯಿತು. 24ನೇ ಆಯ್ಕೆಯಾಗಿ ಥಾಂಪ್ಸನ್ ಅವನನ್ನು ತೆಗೆದುಕೊಂಡ. ಆಗ ಗ್ರೀನ್ ಬೇಗೆ ಕ್ವಾರ್ಟರ್‌ಬ್ಯಾಕ್ ಬೇಕಿರಲಿಲ್ಲ. ಫಾರ್ವ್‌ಗೆ ಇನ್ನೊಬ್ಬ ಕ್ಯಾಚ್ ಹಿಡಿಯುವವನೋ ರಕ್ಷಿಸುವವನೋ ಬೇಕಿತ್ತು. ಈ ಹುಡುಗನನ್ನು ತಯಾರು ಮಾಡಬೇಕು ಅಂತ ನನ್ನ ಕರಾರಿನಲ್ಲಿ ಬರೆದಿಲ್ಲ ಎಂಬರ್ಥದಲ್ಲಿ ಅವನು ಮಾತಾಡಿದ್ದ.

ರಾಜರ್ಸ್ ಮೂರು ವರ್ಷ ಕಾದ. ಆ ಮೂರು ವರ್ಷವೂ ಸೀಸನ್ ಮುಗಿದೊಡನೆ ಫಾರ್ವ್ ನಿವೃತ್ತನಾಗುತ್ತಾನಾ ಇಲ್ಲವಾ ಅನ್ನುವ ಧಾರಾವಾಹಿ. 2007ರ ನವೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಫಾರ್ವ್‌ಗೆ ಪೆಟ್ಟಾದಾಗ ರಾಜರ್ಸ್ ಒಳಗೆ ಹೋಗಿ 26ರಲ್ಲಿ 18 ಎಸೆತ ಸರಿಯಾಗಿ ಮುಟ್ಟಿಸಿದ. ಪಂದ್ಯ ಸೋತರು, ಆದರೆ ಹುಡುಗ ಆಡಬಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಮುಂದಿನ ವಾರ ಮತ್ತೆ ಫಾರ್ವ್, ಮತ್ತೆ ಕ್ಲಿಪ್‌ಬೋರ್ಡ್.

ಇಲ್ಲಿ ನನ್ನದೊಂದು ಮಾತು. ನಾನು ಎರಡು ವರ್ಷ ಒಬ್ಬ ಸೀನಿಯರ್ ಕೆಳಗೆ ಕೆಲಸ ಮಾಡಿದೆ. ಅವರು ಬಿಟ್ಟುಹೋದರು, ಮಾಡ್ಯೂಲ್ ನನ್ನ ಕೈಗೆ ಬಂತು. ಐದು ತಿಂಗಳು ನಿದ್ದೆಗೆಟ್ಟು ಹತೋಟಿಗೆ ತಂದುಕೊಂಡೆ. ಆಮೇಲೆ ಹೊಸ ಕಡೆ ಹೊಂದಿಕೆಯಾಗದೆ ಅವರು ವಾಪಸ್ ಬಂದರು, ಮ್ಯಾನೇಜರ್ ಒಂದು ದಿನವೂ ಯೋಚಿಸದೆ ಹಳೆಯ ಜಾಗಕ್ಕೇ ಕೂರಿಸಿದರು. ನಾನು ಮತ್ತೆ ಟೆಸ್ಟ್ ಕೇಸ್ ಬರೆಯಲು ಹೋದೆ. ಅವರ ಕೋಡ್ ನನ್ನದಕ್ಕಿಂತ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ರಾಜರ್ಸ್ ಕಥೆ ಓದುವಾಗ ನಾನು ಯಾರ ಪಕ್ಷ ಅಂತ ಈಗ ನಿಮಗೆ ಗೊತ್ತಾಯ್ತಲ್ಲ, ಅದನ್ನು ಇಟ್ಟುಕೊಂಡೇ ಮುಂದೆ ಓದಿ.

2008ರ ಜನವರಿ 20. ಲ್ಯಾಂಬೋ ಫೀಲ್ಡ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹದಿಮೂರು ಪಂದ್ಯ ಗೆದ್ದು ಮೂರರಲ್ಲಿ ಮಾತ್ರ ಸೋತು ಬಂದ ತಂಡ, ಗೆದ್ದರೆ ಸೂಪರ್ ಬೌಲ್. ಹೆಚ್ಚುವರಿ ಸಮಯದಲ್ಲಿ ಫಾರ್ವ್ ಎಸೆದ ಚೆಂಡು ನ್ಯೂಯಾರ್ಕ್ ಜಯಂಟ್ಸ್‌ನ ಕೋರಿ ವೆಬ್‌ಸ್ಟರ್ ಕೈಗೆ ಹೋಯಿತು. 23-20 ಸೋಲು. ಗ್ರೀನ್ ಬೇ ಅಂಗಿಯಲ್ಲಿ ಅವನ ಕೊನೆಯ ಎಸೆತ ಅದೇ. ಮಾರ್ಚ್ 4ರಂದು ನಿವೃತ್ತಿಯ ಸುದ್ದಿ, 6ರಂದು ಪ್ರೆಸ್ ಮೀಟ್, ಕಣ್ಣೀರು. ಸೆಪ್ಟೆಂಬರಿನ ಮೊದಲ ಪಂದ್ಯದಂದು ಅವನ 4ನೇ ನಂಬರಿನ ಅಂಗಿಯನ್ನು ಶಾಶ್ವತವಾಗಿ ಗೌರವಿಸಿ ತೆಗೆದಿಡುವುದು ಅಂತ ತಂಡ ನಿಗದಿ ಮಾಡಿತು.

ಈಗ ಬರುತ್ತೆ, ಎಲ್ಲರೂ ಮರೆಯುವ ಭಾಗ. ಅದೇ ಮಾರ್ಚ್ ಕೊನೆಯಲ್ಲಿ ಫಾರ್ವ್ ಮನಸ್ಸು ಬದಲಾಯಿಸಿದ. ಥಾಂಪ್ಸನ್ ಮತ್ತು ಕೋಚ್ ಮೈಕ್ ಮೆಕಾರ್ಥಿ ಇಬ್ಬರೂ ಮಿಸಿಸಿಪಿಗೆ ವಿಮಾನದಲ್ಲಿ ಹೋಗಿ ಅವನನ್ನು ಕರೆತರಲು ಸಿದ್ಧರಾಗಿದ್ದರು. ಹೊರಡುವ ಮುಂಚೆ ಅವನೇ ಬೇಡ ಅಂದ, ನಿವೃತ್ತಿಯೇ ಖಾಯಂ ಅಂದ. ಅಂದರೆ ಆ ದಿನ ಗ್ರೀನ್ ಬೇ ಉತ್ತರ 'ಹೌದು' ಆಗಿತ್ತು!

ಆಮೇಲೆ ಏಪ್ರಿಲ್ ಬಂತು. ಡ್ರಾಫ್ಟಿನಲ್ಲಿ ರಾಜರ್ಸ್ ಹಿಂದೆ ನಿಲ್ಲಲು ಇಬ್ಬರು ಹೊಸ ಕ್ವಾರ್ಟರ್‌ಬ್ಯಾಕ್‌ಗಳನ್ನು ತೆಗೆದುಕೊಂಡರು. ಮೇ, ಜೂನ್ ಅಭ್ಯಾಸವೆಲ್ಲ ರಾಜರ್ಸ್ ಲೆಕ್ಕಕ್ಕೆ ನಡೆಯಿತು. ಅವನ ಕಾಲಿನ ಲಯ, ಅವನು ಎಸೆಯುವ ಕ್ಷಣ, ಅವನು ಕೂಗುವ ಸಂಕೇತಗಳು, ಇವುಗಳಿಗೆ ಹಿಡಿಯುವವರು ಒಗ್ಗಿಕೊಂಡರು. ಇದು ನಿಮ್ಮ ತಂಡ ಅಂತ ಅವನಿಗೆ ಹೇಳಿಯಾಗಿತ್ತು. ಜೂನ್‌ನಲ್ಲಿ ಮತ್ತೆ ಮಿಸಿಸಿಪಿಯಿಂದ ಫೋನ್. ಜುಲೈನಲ್ಲಿ ಅದು ಸುದ್ದಿಯಾಯಿತು. ನನ್ನನ್ನು ಬಿಟ್ಟುಬಿಡಿ, ಬೇರೆ ತಂಡಕ್ಕೆ ಆಡುತ್ತೇನೆ ಅಂತ ಫಾರ್ವ್ ಕೇಳಿದ. ಟಿವಿಗೆ ಬಂದು, ಮಾರ್ಚಿನಲ್ಲೇ ತೀರ್ಮಾನ ಹೇಳು ಅಂತ ನನ್ನನ್ನು ಒತ್ತಾಯಿಸಿದರು ಅಂತಲೂ ದೂರಿದ.

ಇಲ್ಲೊಂದು ನಿಯಮ ಇದೆ, ಐಟಿಯವರಿಗೆ ಬೇಗ ಅರ್ಥವಾಗುತ್ತೆ. ಕರಾರು ಉಳಿದಿರುವಾಗ ಆಟಗಾರ ನಿವೃತ್ತನಾದರೆ ಅವನ ಹಕ್ಕು ತಂಡದ ಹತ್ತಿರವೇ ಇರುತ್ತದೆ. ರಾಜೀನಾಮೆ ಕೊಟ್ಟಿದ್ದರೂ ರಿಲೀವಿಂಗ್ ಲೆಟರ್ ಸಿಕ್ಕಿಲ್ಲದ ಸ್ಥಿತಿ :-) 2001ರಲ್ಲಿ ಮಾಡಿಕೊಂಡ ಹತ್ತು ವರ್ಷದ ಕರಾರು ಇನ್ನೂ ಮುಗಿದಿರಲಿಲ್ಲ. ಅವನು ಲೀಗಿನ ಕಮಿಷನರ್‌ಗೆ ಪತ್ರ ಬರೆದರೆ ಮತ್ತೆ ಆಟಗಾರನಾಗುತ್ತಾನೆ, ಆಗ ತಂಡ ಅವನನ್ನು ಇಟ್ಟುಕೊಳ್ಳಬೇಕು, ಇಲ್ಲ ಬೇರೆ ತಂಡಕ್ಕೆ ಕೊಡಬೇಕು, ಇಲ್ಲ ಬಿಡಬೇಕು. ಆ ವರ್ಷದ ಸಂಬಳ 12 ಮಿಲಿಯನ್ ಡಾಲರ್.

ಬಿಟ್ಟುಬಿಡೋಣ ಅಂದರೆ ಅವನು ನೇರ ಹೋಗುವುದು ಪಕ್ಕದ ಮಿನೆಸೋಟ ವೈಕಿಂಗ್ಸ್‌ಗೆ ಅಂತ ಎಲ್ಲರಿಗೂ ಗೊತ್ತಿತ್ತು. ಒಂದೇ ಗುಂಪಿನ ವೈರಿ, ವರ್ಷಕ್ಕೆ ಎರಡು ಸಲ ಎದುರಾಗುವವರು, ಅಲ್ಲಿ ದಾಳಿಯ ಆಟವನ್ನು ನೋಡಿಕೊಳ್ಳುತ್ತಿದ್ದವನು ಗ್ರೀನ್ ಬೇಯಲ್ಲಿ ಫಾರ್ವ್‌ಗೆ ಕೋಚ್ ಆಗಿದ್ದ ಡ್ಯಾರೆಲ್ ಬೆವೆಲ್. ಇಬ್ಬರನ್ನೂ ಇಟ್ಟುಕೊಂಡು ಸ್ಪರ್ಧೆಗೆ ಬಿಡೋಣ ಅಂದರೆ ಅಭ್ಯಾಸ ಇಬ್ಬರಿಗೂ ಅರ್ಧರ್ಧ, ಮೊದಲ ಸೋಲಿಗೇ ಗ್ಯಾಲರಿಯಿಂದ ಇನ್ನೊಬ್ಬನ ಹೆಸರು. ಮೂರು ವರ್ಷ ಕಾದವನನ್ನು ಮತ್ತೆ ಕೂರಿಸಿದರೆ ಕರಾರು ಮುಗಿದೊಡನೆ ಅವನು ಎದ್ದು ಹೋಗುತ್ತಾನೆ, ಅಷ್ಟರಲ್ಲಿ ಫಾರ್ವ್‌ಗೆ ನಲವತ್ತು. ಜುಲೈ ಕೊನೆಗೆ ತಂಡದ ಅಧ್ಯಕ್ಷ ಮಾರ್ಕ್ ಮರ್ಫಿ ಸ್ವತಃ ಮಿಸಿಸಿಪಿಗೆ ಹೋದ. ನಿವೃತ್ತನಾಗಿಯೇ ಇದ್ದರೆ ಹತ್ತು ವರ್ಷದಲ್ಲಿ 20 ಮಿಲಿಯನ್ ಡಾಲರಿನಷ್ಟು ಬರುವ ಪ್ರಚಾರ ಒಪ್ಪಂದವನ್ನು ಮುಂದಿಟ್ಟ ಅಂತ ಪತ್ರಿಕೆಗಳು ಬರೆದವು. ಆಡಬೇಡ ಅಂತ ದುಡ್ಡು ಕೊಡುವುದು! ಫಾರ್ವ್ ಒಪ್ಪಲಿಲ್ಲ.

ಆಗಸ್ಟ್ 3, ಭಾನುವಾರ ಸಂಜೆ. ಲ್ಯಾಂಬೋ ಫೀಲ್ಡ್‌ನಲ್ಲಿ ಊರಿನವರಿಗಾಗಿ ಅಭ್ಯಾಸ ಪಂದ್ಯ, ಮನೆಮಂದಿಯೆಲ್ಲ ಬಂದು ನೋಡುವ ಹಬ್ಬ. ಅವತ್ತೇ ಫಾರ್ವ್ ಇದ್ದ ವಿಮಾನ ಗ್ರೀನ್ ಬೇಗೆ ಬಂತು, ಜನ ಬೇಲಿಯ ಹತ್ತಿರ ಸೇರಿ ಹೆಸರು ಕೂಗಿದರು. ಕ್ರೀಡಾಂಗಣದಲ್ಲಿ ರಾಜರ್ಸ್ ಚೆಂಡು ತಪ್ಪಿದಾಗ ಕೆಲವರು ಛೀಮಾರಿ ಹಾಕಿದರು. ಇನ್ನೂ ಒಂದು ಪಂದ್ಯವನ್ನೂ ಶುರುಮಾಡದ ಹುಡುಗನಿಗೆ, ಅವನದೇ ಊರಿನವರಿಂದ.

ಮರುದಿನ ಫಾರ್ವ್ ಮತ್ತು ಮೆಕಾರ್ಥಿ ಸುಮಾರು ಆರು ಗಂಟೆ ಒಳಗೆ ಕೂತು ಮಾತಾಡಿದರು. ಹಿಂದಿನದನ್ನು ಮರೆತು ಇಲ್ಲಿ ಆಡುವ ಮನಸ್ಥಿತಿಯಲ್ಲಿ ಫಾರ್ವ್ ಇಲ್ಲ ಅಂತ ಕೋಚ್ ಹೊರಬಂದು ಹೇಳಿದ. ಅವನು ಬಳಸಿದ ಹೋಲಿಕೆ ಇದು: ರೈಲು ನಿಲ್ದಾಣ ಬಿಟ್ಟಾಗಿದೆ. ಆಗಸ್ಟ್ 6ರ ರಾತ್ರಿ ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟರು. ಒಪ್ಪಂದದಲ್ಲಿ ಒಂದು ಷರತ್ತು ಸೇರಿಸಿದ್ದರು. ಜೆಟ್ಸ್ ಅವನನ್ನು ಮಿನೆಸೋಟಕ್ಕೆ ದಾಟಿಸಿದರೆ ಗ್ರೀನ್ ಬೇಗೆ ಮೂರು ಮೊದಲ ಸುತ್ತಿನ ಆಯ್ಕೆ ಕೊಡಬೇಕು. ಭಯ ಎಷ್ಟಿತ್ತು ನೋಡಿ.

ಈ ಕಥೆಯಲ್ಲಿ ಮೂರನೆಯವನೊಬ್ಬ ಇದ್ದಾನೆ, ನನಗೆ ಅವನೇ ಹೆಚ್ಚು ಇಷ್ಟ. ಜೆಟ್ಸ್‌ನಲ್ಲಿ ಆಗಲೇ ಇದ್ದ ಕ್ವಾರ್ಟರ್‌ಬ್ಯಾಕ್ ಚ್ಯಾಡ್ ಪೆನಿಂಗ್‌ಟನ್. ಫಾರ್ವ್ ಬಂದೊಡನೆ ಅವನನ್ನು ಕೈಬಿಟ್ಟರು. ಅವನು ಮಯಾಮಿಗೆ ಹೋದ, ಹಿಂದಿನ ವರ್ಷ ಹದಿನಾರರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ ಅದು. ಜೆಟ್ಸ್ ಮೊದಲ ಹನ್ನೊಂದರಲ್ಲಿ ಎಂಟು ಗೆದ್ದು ಮೆರೆಯಿತು. ಆಮೇಲೆ ಫಾರ್ವ್ ತೋಳು ಕೈಕೊಟ್ಟಿತು, ಸೋಲಿನ ಮೇಲೆ ಸೋಲು. ಡಿಸೆಂಬರ್ 28ರಂದು ಕೊನೆಯ ಪಂದ್ಯ, ಜೆಟ್ಸ್ ಅಂಗಳದಲ್ಲೇ, ಎದುರಿಗೆ ಮಯಾಮಿ. ಫಾರ್ವ್ ಮೂರು ಇಂಟರ್‌ಸೆಪ್ಷನ್ ಎಸೆದ. ಪೆನಿಂಗ್‌ಟನ್ 24-17ರಲ್ಲಿ ಗೆದ್ದು, ಹನ್ನೊಂದನೇ ಗೆಲುವಿನೊಂದಿಗೆ ಗುಂಪಿನ ಪ್ರಶಸ್ತಿ ಹೊತ್ತು ಹೊರನಡೆದ. ನಮ್ಮ ಸಿನಿಮಾದವರು ಬರೆದಿದ್ದರೆ ಅತಿಯಾಯ್ತು ಅನ್ನುತ್ತಿದ್ದೆವು.

ಅತ್ತ ಗ್ರೀನ್ ಬೇ? ಸೆಪ್ಟೆಂಬರ್ 8ರಂದು, ಫಾರ್ವ್ ಅಂಗಿಗೆ ಗೌರವ ಸಲ್ಲಬೇಕಿದ್ದ ಅದೇ ರಾತ್ರಿ, ರಾಜರ್ಸ್ ಮೊದಲ ಪಂದ್ಯ ಶುರುಮಾಡಿ ಗೆದ್ದ. ಆದರೆ ಸೀಸನ್ ಮುಗಿದಾಗ 6 ಗೆಲುವು, 10 ಸೋಲು. 4,038 ಗಜ, 28 ಟಚ್‌ಡೌನ್ ಎಸೆದಿದ್ದರೂ ಕೇಳುವವರಿಲ್ಲ. ಹಿಂದಿನ ವರ್ಷ 13 ಗೆದ್ದಿದ್ದ ತಂಡ ತಾನೇ?

ಫಾರ್ವ್ 2009ರ ಫೆಬ್ರವರಿಯಲ್ಲಿ ಮತ್ತೆ ನಿವೃತ್ತನಾದ. ಜೆಟ್ಸ್ ಅವನ ಹಕ್ಕನ್ನು ಬಿಟ್ಟುಕೊಟ್ಟಿತು. ಆಗಸ್ಟಿನಲ್ಲಿ ಮತ್ತೆ ಬಂದ. ಎಲ್ಲಿಗೆ? ಮಿನೆಸೋಟಕ್ಕೇ. ಷರತ್ತು ಕಾಗದದಲ್ಲೇ ಉಳಿಯಿತು. ನಲವತ್ತು ತುಂಬಿದ ಆ ಸೀಸನ್ ಅವನ ಬದುಕಿನ ಅತ್ಯುತ್ತಮ ಸೀಸನ್‌ಗಳಲ್ಲೊಂದು: 33 ಟಚ್‌ಡೌನ್, ಬರೀ 7 ಇಂಟರ್‌ಸೆಪ್ಷನ್. ಗ್ರೀನ್ ಬೇಯನ್ನು ಎರಡು ಸಲ ಸೋಲಿಸಿದ, ನವೆಂಬರ್ 1ರಂದು ಲ್ಯಾಂಬೋ ಫೀಲ್ಡ್‌ನಲ್ಲೇ, ಕಿವಿ ಕಿತ್ತುಹೋಗುವ ಛೀಮಾರಿಯ ನಡುವೆ ನಾಲ್ಕು ಟಚ್‌ಡೌನ್ ಎಸೆದು. 2010ರ ಜನವರಿ 24ರಂದು ಸೂಪರ್ ಬೌಲಿಗೆ ಒಂದೇ ಮೆಟ್ಟಿಲು ಬಾಕಿ. ಗೆಲುವಿನ ಹೊಸ್ತಿಲಲ್ಲಿ ಅಡ್ಡಕ್ಕೆ ಓಡುತ್ತಾ ನಡುವಿಗೆ ಎಸೆದ ಚೆಂಡು ನ್ಯೂ ಆರ್ಲಿಯನ್ಸ್‌ನ ಟ್ರೇಸಿ ಪೋರ್ಟರ್ ಕೈಗೆ. ಹೆಚ್ಚುವರಿ ಸಮಯದಲ್ಲಿ ಸೋಲು.

ಮುಂದಿನ ವರ್ಷ ಚಕ್ರ ತಿರುಗಿತು. ಮಿನೆಸೋಟದ ಮೂವರು ಆಟಗಾರರು ಮಿಸಿಸಿಪಿಗೇ ಹೋಗಿ ಫಾರ್ವ್‌ನನ್ನು ಕರೆತಂದರು. 11 ಟಚ್‌ಡೌನ್, 19 ಇಂಟರ್‌ಸೆಪ್ಷನ್. ಡಿಸೆಂಬರಿನಲ್ಲಿ 297 ಲೀಗ್ ಪಂದ್ಯಗಳ ಸರಪಳಿ ತುಂಡಾಯಿತು. ಜೆಟ್ಸ್ ಕಾಲದ ಒಬ್ಬ ಮಹಿಳಾ ಉದ್ಯೋಗಿಗೆ ಕಳಿಸಿದನೆನ್ನಲಾದ ಸಂದೇಶಗಳ ತನಿಖೆಗೆ ಸಹಕರಿಸಲಿಲ್ಲ ಅಂತ ಲೀಗ್ 50,000 ಡಾಲರ್ ದಂಡ ಹಾಕಿತು. ಅದೇ ಸೀಸನ್, 2011ರ ಫೆಬ್ರವರಿ 6ರಂದು ರಾಜರ್ಸ್ ಗ್ರೀನ್ ಬೇಗೆ ಸೂಪರ್ ಬೌಲ್ ತಂದ, ಪಂದ್ಯದ ಶ್ರೇಷ್ಠ ಆಟಗಾರ ಅವನೇ.

ಹಾಗಾಗಿ ಎಲ್ಲ ಕಡೆ ಬರೆದಿರುವುದು ಒಂದೇ, ಥಾಂಪ್ಸನ್ ಸರಿ ಅಂತ ಸಾಬೀತಾಯಿತು ಅಂತ. ನನ್ನ ಪಕ್ಷಕ್ಕೆ ಅನುಕೂಲವೇ, ಆದರೂ ಈ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. 2010ರ ಜನವರಿಯಲ್ಲಿ ನಿಂತು ನೋಡಿದ್ದರೆ ಇದೇ ಲೆಕ್ಕದಲ್ಲಿ ಥಾಂಪ್ಸನ್ ಮಹಾಮೂರ್ಖ. ಫಲಿತಾಂಶ ನೋಡಿ ಮಾರ್ಕ್ಸ್ ಕೊಡುವುದಾದರೆ ಯಾವ ವರ್ಷ ಪರೀಕ್ಷೆ ಮಾಡುತ್ತೀರಿ ಅನ್ನುವುದರ ಮೇಲೆ ಮಾರ್ಕ್ಸ್ ಬದಲಾಗುತ್ತೆ. 2008ರ ಜುಲೈನಲ್ಲಿ ಫಾರ್ವ್ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅನ್ನುವುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಮಾರ್ಚಿನಲ್ಲಿ ಹೌದು ಅಂದವರೇ ಜುಲೈನಲ್ಲಿ ಇಲ್ಲ ಅಂದರು. ಅದೇ ಮನುಷ್ಯ, ಅದೇ ತೋಳು. ನಡುವೆ ಬದಲಾಗಿದ್ದು ತಂಡ. ಐವತ್ತಕ್ಕೂ ಹೆಚ್ಚು ಜನ ನಾಲ್ಕು ತಿಂಗಳಿಂದ ಇನ್ನೊಬ್ಬನ ಮಾತಿಗೆ ಹೆಜ್ಜೆ ಹಾಕುವುದನ್ನು ಕಲಿತಿದ್ದರು, ಒಬ್ಬನಿಗೆ ಮಾತು ಕೊಡಲಾಗಿತ್ತು. ಅದನ್ನು ಕಿತ್ತುಹಾಕಲು ಒಂದು ಬೆಲೆ ಇದೆ, ಅಂಕಿ ಅಂಶಗಳ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಥಾಂಪ್ಸನ್ ಆ ಬೆಲೆ ಲೆಕ್ಕ ಹಾಕಿದ. ನಮ್ಮ ಮ್ಯಾನೇಜರ್ ಹಾಕಲಿಲ್ಲ. (ಅವರ ರಿಲೀಸ್ ಮಾತ್ರ ಸರಿಯಾದ ಸಮಯಕ್ಕೆ ಹೋಯಿತು, ಹೇಳಿಬಿಡುತ್ತೇನೆ.)

ಫಾರ್ವ್ ತಪ್ಪು ಮಾಡಿದ ಅಂತಲೂ ನನಗೆ ಪೂರ್ತಿ ಅನ್ನಿಸುವುದಿಲ್ಲ. ಮಾರ್ಚಿನಲ್ಲಿ ಮೈಯೆಲ್ಲ ನೋಯುತ್ತಿರುವಾಗ ಸಾಕು ಅನ್ನಿಸಿದ್ದು ನಿಜ, ಜುಲೈನಲ್ಲಿ ಅಭ್ಯಾಸದ ಕಾಲ ಬಂದಾಗ ಕೈ ತುರಿಸಿದ್ದೂ ನಿಜ. ಹದಿನಾರು ವರ್ಷ ಜುಲೈ ಬಂತೆಂದರೆ ಮಾಡಿದ್ದು ಅದನ್ನೊಂದೇ.

ಊರಿನ ಕೋಪ ಆರಲು ಏಳು ವರ್ಷ ಬೇಕಾಯಿತು. 2015ರ ಜುಲೈ 18ರಂದು 67,000 ಜನ ಲ್ಯಾಂಬೋ ಫೀಲ್ಡ್‌ನಲ್ಲಿ ಸೇರಿ ಅವನ 4ನೇ ನಂಬರಿಗೆ ಗೌರವ ಸಲ್ಲಿಸಿದರು. ಪಂದ್ಯ ಇರಲಿಲ್ಲ, ಬರೀ ಅವನನ್ನು ನೋಡಲು. ಆಮೇಲಿನ ಬದುಕು ಸಲೀಸಾಗಿರಲಿಲ್ಲ. ಮಿಸಿಸಿಪಿಯ ಬಡವರ ನೆರವಿನ ಹಣದ ಹಗರಣದಲ್ಲಿ ಅವನ ಹೆಸರು ಬಂತು, ಅವನು ತಪ್ಪು ಮಾಡಿಲ್ಲ ಅನ್ನುತ್ತಾ ಬಂದಿದ್ದಾನೆ. 2024ರ ಸೆಪ್ಟೆಂಬರಿನಲ್ಲಿ ತನಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿದ. ಥಾಂಪ್ಸನ್ 2021ರಲ್ಲಿ ತೀರಿಹೋದ.

ಇನ್ನು ರಾಜರ್ಸ್. 2020ರಲ್ಲಿ ತಂಡ ಅವನಿಗೂ ಕೇಳದೆ ಒಬ್ಬ ಹುಡುಗನನ್ನು, ಜೋರ್ಡನ್ ಲವ್‌ನನ್ನು, ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಆ ಹುಡುಗನೂ ಮೂರು ವರ್ಷ ಕ್ಲಿಪ್‌ಬೋರ್ಡ್ ಹಿಡಿದ. ರಾಜರ್ಸ್ ನಿವೃತ್ತನಾಗುತ್ತಾನಾ ಇಲ್ಲವಾ ಅಂತ ಅದೇ ಧಾರಾವಾಹಿ, ಯೋಚಿಸಲು ನಾಲ್ಕು ದಿನ ಕತ್ತಲೆ ಕೋಣೆಯಲ್ಲೂ ಕೂತು ಬಂದ. 2023ರ ಏಪ್ರಿಲ್‌ನಲ್ಲಿ ಅವನನ್ನು ಕಳಿಸಿದ್ದು ಎಲ್ಲಿಗೆ ಅಂತ ಮೊದಲೇ ಹೇಳಿದ್ದೇನೆ.

ಮೂರು ವಾರ ಓದಿ ಮುಗಿಸಿದ ಮೇಲೆ ಒಂದು ಸಂಜೆ ಕಾಲ್‌ಗೆ ಎಲ್ಲರೂ ಬರುವ ಮುಂಚೆ ಆ ಹಿರಿಯರನ್ನು ಕೇಳಿದೆ, 2008ರಲ್ಲಿ ನೀವು ಯಾರ ಕಡೆ ಇದ್ದಿರಿ ಅಂತ. ಅವರ ಹಿಂದಿನ ಗೋಡೆಯ ಮೇಲೆ ಆ ಷೇರಿನ ಪ್ರಮಾಣಪತ್ರ ಇತ್ತು. ಆಗಸ್ಟ್ 3ರ ಸಂಜೆ ವಿಮಾನ ನಿಲ್ದಾಣದ ಬೇಲಿಯ ಹತ್ತಿರ ನಿಂತು ಗಂಟಲು ಹರಿಯುವ ಹಾಗೆ ಫಾರ್ವ್ ಹೆಸರು ಕೂಗಿದ್ದರಂತೆ. ಸೆಪ್ಟೆಂಬರ್ 8ರ ರಾತ್ರಿ ಕ್ರೀಡಾಂಗಣದಲ್ಲಿ ಎದ್ದು ನಿಂತು ರಾಜರ್ಸ್‌ಗೆ ಚಪ್ಪಾಳೆ ತಟ್ಟಿದ್ದರಂತೆ. "ಎರಡು ದಿನವೂ ಅಂಗಿ ಮಾತ್ರ ಅದೇ, ನಾಲ್ಕನೇ ನಂಬರಿನದು. ಬೇರೆ ಇರಲಿಲ್ಲ" ಅಂದರು. ಅಷ್ಟರಲ್ಲಿ ಉಳಿದವರು ಬಂದರು. ನಿನ್ನೆಯ ಬಿಲ್ಡ್ ಯಾಕೆ ಒಡೆಯಿತು ಅಂತ ಶುರುವಾಯಿತು.